ಇಂಜಿನ್ ಕೆಲಸಕ್ಕೆ ಬಂದಿದೆ

ಸಿಗ್ನಲ್‌ನಲ್ಲಿ ನಿಂತಾಗ ಒಳಗಿನ ಕನ್ನಡಿ ನಡುಗುತ್ತಿತ್ತು. ಹಿಂದೆ ನಿಂತ ಗಾಡಿಯ ನಂಬರ್ ಪ್ಲೇಟ್ ಓದಲು ಆಗದಷ್ಟು. ಗೇರ್ ಹಾಕಿ ಹೊರಟರೆ ನಡುಕ ಮಾಯ. ಎಂಬತ್ತರ ವೇಗದಲ್ಲಂತೂ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು. ಓಡುವಾಗ ಸರಿಯಿರುವ ಗಾಡಿಯನ್ನು ನಿಂತಾಗ ನಡುಗುತ್ತದೆ ಅಂತ ಯಾರು ಗ್ಯಾರೇಜಿಗೆ ಒಯ್ಯುತ್ತಾರೆ? ನಾನೂ ಒಯ್ಯಲಿಲ್ಲ. 16 ವರ್ಷದ ಸೆಡಾನ್, ಮೀಟರಿನಲ್ಲಿ 1,86,000 ಕಿಲೋಮೀಟರ್. ಈ ವಯಸ್ಸಿಗೆ ಒಂದಿಷ್ಟು ನಡುಕ ಇದ್ದೇ ಇರುತ್ತದೆ ಅಂದುಕೊಂಡು ಸುಮ್ಮನಿದ್ದೆ. ಆಮೇಲೆ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಒಂದು ಬುಗ್ಗೆ ನೀಲಿ ಹೊಗೆ ಬರತೊಡಗಿತು. ಒಂದೇ ಬುಗ್ಗೆ, ಆಮೇಲೆ ಇಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗೆರೆಯಿಂದ ಕೆಳಗೆ ಇಳಿಯತೊಡಗಿತು. ಕೊನೆಗೊಂದು ದಿನ ಡ್ಯಾಶ್‌ಬೋರ್ಡಿನ ಹಳದಿ ಇಂಜಿನ್ ದೀಪ ಹತ್ತಿತು. ದೀಪ ಹತ್ತಿದ ಮೇಲೆ ಸುಮ್ಮನಿರಲು ಆಗುವುದಿಲ್ಲ ಅಲ್ವಾ.

ಮೊದಲ ಗ್ಯಾರೇಜಿನವನು ಬಾನೆಟ್ ಎತ್ತಿದ. ಆಕ್ಸಿಲರೇಟರ್ ಕೇಬಲ್ ಎರಡು ಸಲ ಎಳೆದ. ಹತ್ತು ಸೆಕೆಂಡು ಕೇಳಿರಬಹುದು. ಕೈ ಒರೆಸಿಕೊಳ್ಳುತ್ತಾ, "ಇಂಜಿನ್ ಕೆಲಸಕ್ಕೆ ಬಂದಿದೆ ಸಾರ್" ಅಂದ.

ಈ ಮಾತು ನನಗೆ ಮೊದಲಿನಿಂದಲೂ ತಮಾಷೆ. ಮನುಷ್ಯ ಕೆಲಸಕ್ಕೆ ಬಂದರೆ ಒಳ್ಳೆಯದು, ಬಾರದಿದ್ದರೆ ದಂಡ. ಇಂಜಿನ್ ಮಾತ್ರ ಕೆಲಸಕ್ಕೆ ಬಂತು ಅಂದರೆ ಅದರ ಕಥೆ ಮುಗಿಯಿತು ಅಂತ ಅರ್ಥ. ಏನು ಹಾಳಾಗಿದೆ ಅನ್ನುವುದು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಅವನು ಮುಂದುವರಿಸಿದ: "ಹಳೇದನ್ನ ಬಿಚ್ಕೊಂಡು ಕೂತರೆ ಒಂದಾದ ಮೇಲೆ ಒಂದು ಬರ್ತಾನೇ ಇರುತ್ತೆ. ಬೇರೆ ಇಂಜಿನ್ ಕೂರಿಸಿಬಿಡೋಣ." ಇಲ್ಲಿ ನಾನು ಬೇಜಾರು ಮಾಡಿಕೊಳ್ಳಬೇಕಿತ್ತು. ಆದರೆ ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಹಗುರಾಯಿತು. ಆ ಖುಷಿ ಯಾಕೆ ಬಂತು ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತಿದೆ.

ಬದಲಾಯಿಸುವ ಚಟ

ಅದಕ್ಕಿಂತ ಮೊದಲು ನಾನೇ ಒಂದು ಸುತ್ತು ಕೈ ಹಾಕಿದ್ದೆ. ಅಂಗೈಯಗಲದ ಸ್ಕ್ಯಾನರ್ ಒಂದನ್ನು ತಂದು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದೆ. ಪಿ0303 ಅಂತ ತೋರಿಸಿತು. ಮೂರನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇದನ್ನು ಕಂಡುಹಿಡಿಯುವ ರೀತಿ ಚೆನ್ನಾಗಿದೆ. ಒಳಗೆ ಇಣುಕಿ ನೋಡಲು ಅದಕ್ಕೆ ಕಣ್ಣಿಲ್ಲ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ತಿರುಗುವ ವೇಗವನ್ನು ಒಂದು ಸೆನ್ಸರ್ ಎಣಿಸುತ್ತಿರುತ್ತದೆ. ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಗೆ ಸಣ್ಣದೊಂದು ತಳ್ಳು ಸಿಗಬೇಕು. ಯಾರ ಸರದಿಯಲ್ಲಿ ಆ ತಳ್ಳು ಸಿಗಲಿಲ್ಲವೋ ಅವರ ಹೆಸರು ಬರೆದುಕೊಳ್ಳುತ್ತದೆ. ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಇಂಜಿನ್ ನಿಮಿಷಕ್ಕೆ ಸುಮಾರು 750 ಸುತ್ತು. ನಾಲ್ಕು ಸ್ಟ್ರೋಕ್ ಇಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ ಉರಿಯುವುದು. ಅಂದರೆ ಒಂದೊಂದು ಸಿಲಿಂಡರ್ ಸೆಕೆಂಡಿಗೆ ಆರು ಸಲ. ಮೂವರು ಎಳೆಯುತ್ತಿದ್ದಾರೆ, ನಾಲ್ಕನೆಯವನು ಹಗ್ಗ ಹಿಡಿದು ಸುಮ್ನೆ ನಿಂತಿದ್ದಾನೆ. ಕನ್ನಡಿ ನಡುಗದೆ ಇನ್ನೇನು?

ಆದರೆ ಕೋಡ್ ಯಾರು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಇದು ಗೊತ್ತಿದ್ದೂ ನಾನು ಬದಲಾಯಿಸಲು ಶುರುಮಾಡಿದೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಹೊಸದು. ಎರಡು ದಿನ ಗಾಡಿ ಚೆನ್ನಾಗಿದೆ ಅನ್ನಿಸಿತು. ಮತ್ತೆ ನಡುಕ. ಥ್ರಾಟಲ್ ಬಾಡಿ ಕ್ಲೀನಿಂಗ್. ಮತ್ತೆ ಎರಡು ದಿನ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ತೊಳೆಸಿದೆ. ಇಂಜಿನ್ನನ್ನು ಹಿಡಿದುಕೊಂಡು ನಡುಕ ತಡೆಯುವ ಮೌಂಟಿಂಗ್ ಕೂಡ ಬದಲಾಯಿಸಿದೆ. ಅದರಿಂದ ನಡುಕ ನಿಜಕ್ಕೂ ಕಮ್ಮಿಯಾಯಿತು. ಮಿಸ್ಸಿಂಗ್ ಹೋಗಿರಲಿಲ್ಲ, ನನಗೆ ಗೊತ್ತಾಗುವುದು ಕಮ್ಮಿಯಾಗಿತ್ತು ಅಷ್ಟೇ. ಆ ಎರಡು ದಿನದ ಸುಖಕ್ಕೆ ಒಂದು ಕಾರಣ ಬಹುಶಃ ಹೊಸ ಸಾಮಾನು ಹಾಕಿದ ಮನಸ್ಸು. ಇನ್ನೊಂದು ಕಾರಣ, ಪ್ರತಿ ಸಲ ನಾನು ಕೋಡ್ ಅಳಿಸುತ್ತಿದ್ದೆ. ದೀಪ ಆರುತ್ತಿತ್ತು. ಇಸಿಯು ಮತ್ತೆ ಎಣಿಸಿ, ಖಾತ್ರಿ ಮಾಡಿಕೊಂಡು ದೀಪ ಹಚ್ಚಲು ಒಂದೆರಡು ದಿನ ಬೇಕಾಗುತ್ತಿತ್ತು.

ಈ ಎಲ್ಲದರ ನಡುವೆ ಬುದ್ಧಿವಂತಿಕೆಯ ಕೆಲಸ ಅಂತ ಮಾಡಿದ್ದು ಒಂದೇ. ಖರ್ಚೂ ಇಲ್ಲ. ಮೂರನೇ ಸಿಲಿಂಡರಿನ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ತೆಗೆದು ಎರಡನೆಯದಕ್ಕೆ, ಎರಡನೆಯದರದ್ದನ್ನು ಮೂರನೆಯದಕ್ಕೆ ಹಾಕಿ ಓಡಿಸಿದೆ. ಕಾಯಿಲ್ ಕೆಟ್ಟಿದ್ದರೆ ಕೋಡ್ ಅದರ ಹಿಂದೆಯೇ ಹೋಗಿ ಪಿ0302 ಅಂತ ಬರಬೇಕು. ಬರಲಿಲ್ಲ. ಪಿ0303 ಅಲ್ಲೇ ಕೂತಿತ್ತು. ಇದೇ ಆಟವನ್ನು ಪ್ಲಗ್‌ಗೂ ಇಂಜೆಕ್ಟರಿಗೂ ಆಡಬಹುದಿತ್ತು. ದುಡ್ಡು ಕೊಟ್ಟು ಹೊಸದು ತರುವ ಮೊದಲೇ ಆಡಬಹುದಿತ್ತು. ಜಾಗ ಬದಲಾಯಿಸಿದರೂ ತೊಂದರೆ ಅಲ್ಲೇ ಇದೆ ಅಂದರೆ ಅದು ಬಿಚ್ಚಿ ತೆಗೆಯುವ ಸಾಮಾನಿನಲ್ಲಿಲ್ಲ, ಸಿಲಿಂಡರಿನಲ್ಲೇ ಇದೆ. ಅಲ್ಲಿಗೆ ಬಂದು ನಾನು ನಿಂತುಬಿಟ್ಟೆ. ಅದರಾಚೆ ನೋಡಲು ಭಯ. ಆಗಲೇ ಆ ಮೆಕ್ಯಾನಿಕ್ ಬೇರೆ ಇಂಜಿನ್ ಕೂರಿಸೋಣ ಅಂದಿದ್ದು.

ಬೇರೊಬ್ಬರ ಇಂಜಿನ್

ಇಂಜಿನ್ ಬದಲಾಯಿಸುವುದು ಅಂದರೆ ಕೇಳಲು ಎಷ್ಟು ಚೊಕ್ಕ. ಹಳೆಯದನ್ನು ಸರಪಳಿಯಲ್ಲಿ ಎತ್ತಿ ಆಚೆ ಇಡುವುದು, ಇನ್ನೊಂದನ್ನು ಇಳಿಸುವುದು. ಒಳಗೆ ಏನಾಗಿತ್ತು ಅಂತ ತಿಳಿದುಕೊಳ್ಳುವ ಗೋಜೇ ಇಲ್ಲ. ನನಗಾದ ಖುಷಿ ಇದೇ ಇರಬೇಕು. ನನ್ನ ಅಜ್ಞಾನವನ್ನೂ ಆ ಸರಪಳಿಯಲ್ಲೇ ಎತ್ತಿ ಆಚೆ ಇಡಬಹುದಿತ್ತು.

ಹಳೆ ಇಂಜಿನ್ ಮಾರುವವನ ಹತ್ತಿರ ಹೋದೆ. ಕಬ್ಬಿಣದ ರ‍್ಯಾಕ್‌ಗಳ ಮೇಲೆ ಪ್ಲಾಸ್ಟಿಕ್ ಸುತ್ತಿದ ಇಂಜಿನ್‌ಗಳು. ತೂತುಗಳಿಗೆಲ್ಲ ಬಟ್ಟೆ ತುರುಕಿದ್ದರು. ಕತ್ತರಿಸಿದ ವೈರಿಂಗ್ ಬಳ್ಳಿಯ ಹಾಗೆ ನೇತಾಡುತ್ತಿತ್ತು. ನನ್ನ ಕಾರಿನದೇ ಇಂಜಿನ್ ಮೂರು ಇದ್ದವು. "ಇದು ಹಿಂದೆ ಗುದ್ದಿಸಿಕೊಂಡ ಗಾಡಿದು, ಇಂಜಿನ್ ಮುಟ್ಟಿಲ್ಲ" ಅಂದ. ಎಷ್ಟು ಓಡಿದೆ ಅಂತ ಕೇಳಿದೆ. "ಅರವತ್ತು ಸಾವಿರ ಇರಬಹುದು." ಇರಬಹುದು. ಆಗ ಹೊಳೆಯಿತು, ಇಂಜಿನ್‌ಗೆ ಮೀಟರ್ ಇರುವುದಿಲ್ಲ. ಮೀಟರ್ ಇರುವುದು ಗಾಡಿಗೆ. ಗಾಡಿಯಿಂದ ಇಳಿದ ಇಂಜಿನ್‌ನ ವಯಸ್ಸು ಮಾರುವವನು ಹೇಳಿದಷ್ಟು.

ನಾನೂ ಸುಮ್ನೆ ಹೋಗಿರಲಿಲ್ಲ, ಒಂದಿಷ್ಟು ಓದಿಕೊಂಡೇ ಹೋಗಿದ್ದೆ. ಆಯಿಲ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟೆ. ಕಪ್ಪು ಗಸಿ ಗಟ್ಟಿಯಾಗಿ ಕೂತಿದ್ದರೆ ಆಯಿಲ್ ಸರಿಯಾಗಿ ಬದಲಾಯಿಸಿಲ್ಲ ಅಂತ. ಬಿಳಿ ನೊರೆ ಅಂಟಿದ್ದರೆ ನೀರು ಸೇರಿರಬಹುದು, ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್‌ನ ಗ್ಯಾಸ್ಕೆಟ್ ಮೇಲೆ ಅನುಮಾನ. ಎರಡೂ ಇರಲಿಲ್ಲ. ಕ್ರ್ಯಾಂಕ್ ಪುಲ್ಲಿಯನ್ನು ಸ್ಪಾನರ್ ಹಾಕಿ ತಿರುಗಿಸಿದೆ, ತಿರುಗಿತು. ಕೊನೆಗೆ, ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಅನ್ನುವ ಲೆಕ್ಕವನ್ನು ದೊಡ್ಡ ಮನುಷ್ಯನ ಹಾಗೆ ಕೇಳಿದೆ: "ಇದರ ಕಂಪ್ರೆಷನ್ ಎಷ್ಟಿದೆ?"

"ನೂರೆಪ್ಪತ್ತರ ಮೇಲಿದೆ. ಬೇಕಾದರೆ ನಿಮ್ಮ ಎದುರಿಗೇ ತೋರಿಸ್ತೀನಿ" ಅಂದ. ಆಮೇಲೆ ಸಹಜವಾಗಿಯೇ ಕೇಳಿದ: "ನಿಮ್ಮದು ಎಷ್ಟಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ಲಗ್, ಇಂಜೆಕ್ಟರ್, ಮೌಂಟಿಂಗ್ ಎಲ್ಲ ಆಗಿ, ಕೊನೆಗೆ ಇಂಜಿನ್ನನ್ನೇ ಕೊಳ್ಳಲು ಬಂದು ನಿಂತಿದ್ದೇನೆ. ನನ್ನ ಇಂಜಿನ್‌ನ ಕಂಪ್ರೆಷನ್ ಎಷ್ಟು ಅಂತ ಒಂದು ಸಲವೂ ನೋಡಿಸಿಲ್ಲ. ಗೊತ್ತಿಲ್ಲದ ಬೇರೊಂದು ಇಂಜಿನ್ ಬಗ್ಗೆ ಇಷ್ಟೊಂದು ವಿಚಾರಣೆ ಮಾಡಿದವನು ಹತ್ತು ವರ್ಷ ಓಡಿಸಿದ ಇಂಜಿನ್‌ಗೆ ಒಂದು ಗೇಜ್ ಹಾಕಿಸಿರಲಿಲ್ಲ. ಅಡ್ವಾನ್ಸ್ ಕೊಡಲು ತೆಗೆದಿದ್ದ ದುಡ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡು ಬಂದೆ.

ಇಂಜಿನ್ ಬದಲಾಯಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಆಚೆ ಬಂದಿದ್ದರೆ, ಆಯಿಲ್ ಇಲ್ಲದೆ ಓಡಿಸಿ ಬೇರಿಂಗ್ ಸೀಜ್ ಆಗಿದ್ದರೆ ಹಳೆಯದನ್ನು ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಆದರೆ ಕೂರಿಸಿಬಿಡೋಣ ಅನ್ನುವ ಒಂದು ಪದದ ಒಳಗೆ ಎಷ್ಟು ಸಾಮಾನು ಅಡಗಿದೆ ನೋಡಿ. ಒಂದೇ ಮಾಡೆಲ್ ಆದರೂ ಎರಡು ವರ್ಷದ ಅಂತರದಲ್ಲಿ ಸೆನ್ಸರ್ ಬೇರೆ, ಕನೆಕ್ಟರ್ ಬೇರೆ ಇರಬಹುದು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಪ್ಲಾಸ್ಟಿಕ್ ಕ್ಲಿಪ್‌ಗಳು ಬಿಚ್ಚುವಾಗ ಪುಡಿಯಾಗುತ್ತವೆ. ಗೇರ್‌ಬಾಕ್ಸ್ ಹೇಗೂ ಬೇರೆ ಮಾಡಿರುತ್ತೀರಿ, ಕ್ಲಚ್ ಮತ್ತು ಕ್ರ್ಯಾಂಕ್ ಹಿಂದಿನ ಸೀಲ್ ಈಗಲೇ ಹಾಕಿಸದಿದ್ದರೆ ಮುಂದೆ ಅದಕ್ಕಾಗಿಯೇ ಮತ್ತೆ ಬಿಚ್ಚಬೇಕು. ವಾಟರ್ ಪಂಪ್, ಹೋಸ್‌ಗಳೂ ಅಷ್ಟೇ. ನೋಂದಣಿ ಪತ್ರದಲ್ಲಿ ಇಂಜಿನ್ ನಂಬರ್ ಇದ್ದರೆ ಅದರ ಓಡಾಟ ಬೇರೆ. ಹಳೆಯ ಇಂಜಿನ್ ಬಿಸಿಯಾಗಿ ಸತ್ತಿದ್ದರೆ ಅದನ್ನು ಕೊಂದ ರೇಡಿಯೇಟರ್ ಇನ್ನೂ ಗಾಡಿಯಲ್ಲೇ ಇರುತ್ತದೆ, ಹೊಸಬನಿಗಾಗಿ ಕಾಯುತ್ತಾ. ಎಲ್ಲ ಕೂಡಿಸಿದರೆ ಮೂಗಿಗಿಂತ ಮೂಗುತಿ ಭಾರ.

ನಾಲ್ಕು ಅಂಕಿ

ಎರಡನೇ ಗ್ಯಾರೇಜಿನ ಅಣ್ಣ ವಯಸ್ಸಾದವರು. ಜಾಸ್ತಿ ಮಾತಿಲ್ಲ. ಗಾಡಿ ಸ್ಟಾರ್ಟ್‌ನಲ್ಲೇ ಇರಲಿ ಅಂದು, ಹಿಂದೆ ಹೋಗಿ, ಒಂದು ಪೇಪರ್ ಚೂರನ್ನು ಸೈಲೆನ್ಸರಿನ ಬಾಯಿಗೆ ಸ್ವಲ್ಪ ದೂರದಲ್ಲಿ ಹಿಡಿದರು. ಹೊಗೆಗೆ ಪೇಪರ್ ಆಚೆ ಹಾರಬೇಕು. ಹಾರುತ್ತಿತ್ತು. ಆದರೆ ನಡುನಡುವೆ ಪಟಕ್ ಅಂತ ಒಳಗೆ ಎಳೆದುಕೊಳ್ಳುತ್ತಿತ್ತು. "ಇದು ಉಸಿರು ಒಳಗೆ ತಗೋತಿದೆ ಸಾರ್. ಸೈಲೆನ್ಸರ್ ಉಸಿರು ಬಿಡಬೇಕು, ತಗೋಬಾರದು" ಅಂದರು. ನಾನು ಹೂಂ ಅಂದೆ. ನಂಬಲಿಲ್ಲ. ಪೇಪರ್ ಚೂರಿಗಿಂತ ನನ್ನ ಸ್ಕ್ಯಾನರ್ ಮೇಲೆ ನನಗೆ ಭಕ್ತಿ ಜಾಸ್ತಿ.

ಅದಾದ ಮೇಲೆ ಗೇಜ್. ಇಂಜಿನ್ ಬಿಸಿ ಇರುವಾಗಲೇ ನಾಲ್ಕೂ ಪ್ಲಗ್ ಬಿಚ್ಚಿದರು. ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಿತ್ತರು. ನನ್ನನ್ನು ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರ್ ಪೂರ್ತಿ ತುಳಿಯಲು ಹೇಳಿದರು, ಗಾಳಿ ತಡೆಯಿಲ್ಲದೆ ಒಳಗೆ ಹೋಗಲಿ ಅಂತ. ಪ್ಲಗ್ ತೂತಿಗೆ ಗೇಜ್ ತಿರುಪಿ, "ಹೊಡೀರಿ" ಅಂದರು. ಸ್ಟಾರ್ಟರ್ ಐದಾರು ಸಲ ಗುರ್ ಗುರ್ ಅನ್ನುವಷ್ಟು ಕೀ ತಿರುಗಿಸುವುದು. ಮುಳ್ಳು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಏರುತ್ತದಂತೆ. ನಾನು ಸೀಟಿನಲ್ಲಿದ್ದೆ, ನನಗೆ ಕಾಣುತ್ತಿದ್ದದ್ದು ಬಾನೆಟ್ಟಿನ ಸಂದಿಯಲ್ಲಿ ಅವರ ಮೊಣಕೈ ಮಾತ್ರ. ಅಂಕಿ ಕೂಗಿ ಹೇಳುತ್ತಿದ್ದರು. ನಾನು ಬಿಲ್ಲಿನ ಹಿಂದೆ ಬರೆದುಕೊಂಡೆ.

175. 170. ಮೂರನೆಯದಕ್ಕೆ ಅವರು ಕೂಗಲಿಲ್ಲ. "ಇನ್ನೊಂದ್ಸಲ ಹೊಡೀರಿ" ಅಂದರು. ಹೊಡೆದೆ. "ಎಂಬತ್ತೈದು." ನಾಲ್ಕನೆಯದು 172.

ಒತ್ತಡದ ಪಿಎಸ್‌ಐ ಲೆಕ್ಕ ಅದು. ನಾಲ್ಕರಲ್ಲಿ ಮೂರು ಸಿಲಿಂಡರ್ ಗಟ್ಟಿಮುಟ್ಟು, ಒಂದು ಅರ್ಧಕ್ಕೆ ಅರ್ಧ. ಪೂರ್ತಿ ಇಂಜಿನ್ ಸವೆದಿದ್ದರೆ ನಾಲ್ಕೂ ಒಟ್ಟಿಗೆ ಇಳಿಯಬೇಕಿತ್ತು. ಅಣ್ಣ ಮೂರನೇ ತೂತಿಗೆ ಒಂದು ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಗೇಜ್ ಹಾಕಿದರು. ಪಿಸ್ಟನ್ ಸುತ್ತ ಗಾಳಿ ತಡೆಯುವ ರಿಂಗ್ ಸವೆದಿದ್ದರೆ ಆ ಆಯಿಲ್ ಸಂದಿ ಮುಚ್ಚುತ್ತದೆ, ಮುಳ್ಳು ಮೇಲೇರುತ್ತದೆ. ಏರಲಿಲ್ಲ. 90ಕ್ಕೆ ನಿಂತಿತು. ಅಂದರೆ ಗಾಳಿ ಕೆಳಗಿನಿಂದ ಹೋಗುತ್ತಿಲ್ಲ, ಮೇಲಿನಿಂದ ಹೋಗುತ್ತಿದೆ. ಕೊನೆಗೆ ಪಿಸ್ಟನ್ ಮೇಲಕ್ಕೆ ಬರುವಂತೆ, ಎರಡೂ ಕಡೆಯ ವಾಲ್ವ್ (ಗಾಳಿ ಒಳಗೆ ಬಿಡುವ ಇನ್‌ಟೇಕ್, ಹೊಗೆ ಆಚೆ ಬಿಡುವ ಎಕ್ಸಾಸ್ಟ್) ಮುಚ್ಚಿರುವಂತೆ ಕ್ರ್ಯಾಂಕ್ ನಿಲ್ಲಿಸಿ, ಕಂಪ್ರೆಸರ್ ಗಾಳಿಯನ್ನು ಪ್ಲಗ್ ತೂತಿನಿಂದ ಒಳಗೆ ಬಿಟ್ಟರು. "ಈಗ ಹೋಗಿ ಕೇಳಿ."

ಮೊದಲು ಆಯಿಲ್ ಮುಚ್ಚಳ ತೆಗೆದು ಕಿವಿ ಇಟ್ಟೆ. ಅಲ್ಲಿ ಬುಸ್ ಅಂದರೆ ರಿಂಗ್. ಸದ್ದಿರಲಿಲ್ಲ. ಏರ್ ಫಿಲ್ಟರ್ ಪೈಪಿನಲ್ಲಿ ಬಂದರೆ ಇನ್‌ಟೇಕ್ ವಾಲ್ವ್. ಇಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ನೀರು ಅಲುಗಲಿಲ್ಲ. ಹಿಂದಕ್ಕೆ ಹೋಗಿ ನೆಲಕ್ಕೆ ಮಂಡಿಯೂರಿ ಸೈಲೆನ್ಸರಿಗೆ ಕಿವಿ ಕೊಟ್ಟೆ. ಇಂಜಿನ್ ಆಫ್ ಆಗಿದೆ, ಕೀ ನನ್ನ ಜೇಬಿನಲ್ಲಿದೆ, ಆದರೂ ಆ ಉದ್ದ ಪೈಪಿನ ಆ ತುದಿಯಿಂದ ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಒಂದೇ ಸಮನೆ ಗಾಳಿ ಬರುತ್ತಿತ್ತು. ಎಕ್ಸಾಸ್ಟ್ ವಾಲ್ವ್. ಪೇಪರ್ ಚೂರು ಅರ್ಧ ಗಂಟೆ ಮೊದಲೇ ಹೇಳಿದ್ದು ಇದನ್ನೇ.

ಓಡುವಾಗ ಯಾಕೆ ಸರಿಯಿತ್ತು ಅನ್ನುವುದೂ ಆಗ ಅರ್ಥವಾಯಿತು. ಐಡಲ್‌ನಲ್ಲಿ ಪಿಸ್ಟನ್ ನಿಧಾನ, ಗಾಳಿ ಸೋರಲು ಬೇಕಾದಷ್ಟು ಹೊತ್ತು. ವೇಗದಲ್ಲಿ ಸೋರುವಷ್ಟರಲ್ಲಿ ಉರಿದುಬಿಡುತ್ತದೆ. ನೀಲಿ ಹೊಗೆಯ ಲೆಕ್ಕವೂ ಬೇರೆ ಇತ್ತು. ರಿಂಗ್ ಹೋಗಿದ್ದರೆ ಆಕ್ಸಿಲರೇಟರ್ ಒತ್ತಿದಾಗೆಲ್ಲ ಹೊಗೆ ಬರಬೇಕು. ರಾತ್ರಿಯೆಲ್ಲ ನಿಂತು ಬೆಳಗ್ಗೆ ಒಂದೇ ಬುಗ್ಗೆ ಬಂದರೆ ವಾಲ್ವ್ ಕಡ್ಡಿಗೆ ಹಾಕಿರುವ ರಬ್ಬರ್ ಸೀಲ್ ಗಟ್ಟಿಯಾಗಿದೆ, ಆಯಿಲ್ ತೊಟ್ಟಿಕ್ಕಿ ಕೆಳಗೆ ಕೂರುತ್ತಿದೆ ಅಂತ. ಎರಡು ತೊಂದರೆಯೂ ವಾಲ್ವ್‌ಗಳಿರುವ ಹೆಡ್‌ನದೇ. ಇಂಜಿನ್ ಕೆಲಸಕ್ಕೆ ಬಂದಿದ್ದು ನಿಜ. ಅದರಲ್ಲೊಂದು ವಾಲ್ವ್ ಮಾತ್ರ.

ಸದ್ದಿಲ್ಲದ ಇಂಜಿನ್

ಹೆಡ್ ಬಿಚ್ಚುವ ಮೊದಲು ಅಣ್ಣ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್‌ಗೂ ಅದನ್ನು ಒತ್ತಿ ತೆರೆಯುವ ಭಾಗಕ್ಕೂ ನಡುವಿನ ಸಂದಿ ನೋಡಿದರು. ನನ್ನ ಕಾರಿನದು ಸ್ಕ್ರೂ ತಿರುಗಿಸಿ ಹೊಂದಿಸುವ ಟ್ಯಾಪೆಟ್. ಎಕ್ಸಾಸ್ಟ್ ಬದಿಯಲ್ಲಿ ಸುಮಾರು 0.25 ಮಿಲಿಮೀಟರ್ ಸಂದಿ ಇರಬೇಕು. ಮೂರನೆಯದರಲ್ಲಿ ಸಂದಿ ಅಳೆಯುವ 0.05ರ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ಕೂಡ ಒಳಗೆ ಹೋಗಲಿಲ್ಲ. ಬೇರೆಯವೂ ಬಿಗಿಯಾಗಿಯೇ ಇದ್ದವು, ಇಷ್ಟಲ್ಲ ಅಷ್ಟೇ. ಅವರು ಗೇಜನ್ನು ಡಬ್ಬಿಗೆ ಹಾಕಿ ಒಂದೇ ಮಾತು ಕೇಳಿದರು: "ಗ್ಯಾಸ್‌ನಲ್ಲಿ ಓಡಿದೆಯಾ ಈ ಗಾಡಿ?"

ಓಡಿತ್ತು. ಇದು ಚಿಕ್ಕಪ್ಪನ ಕಾರು. ಕೊಂಡ ಹೊಸದರಲ್ಲೇ ಸಿಎನ್‌ಜಿ ಕಿಟ್ ಹಾಕಿಸಿದ್ದರು. ಆರು ವರ್ಷ ಅದರಲ್ಲೇ ಓಡಿಸಿ, ಕಿಟ್ ತೆಗೆಸಿ, ನನಗೆ ಕೊಟ್ಟರು. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಬ್ರ್ಯಾಕೆಟ್‌ನ ನಾಲ್ಕು ತೂತು ಇವತ್ತಿಗೂ ಇವೆ. ಗ್ಯಾಸ್ ಒಣ ಇಂಧನ. ಅದಕ್ಕೆಂದೇ ಮಾಡಿರದ ಹೆಡ್‌ನಲ್ಲಿ ವಾಲ್ವ್ ಕೂರುವ ಸೀಟ್ ಬೇಗ ಸವೆಯುತ್ತದೆ. ಸೀಟ್ ಸವೆದಷ್ಟೂ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಮೇಲಿನ ಸಂದಿ ಕಮ್ಮಿಯಾಗುತ್ತದೆ. ಒಂದು ದಿನ ಸಂದಿಯೇ ಇಲ್ಲ. ಆಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ದಾಟಿಸುವುದು ಮುಚ್ಚಿ ಸೀಟಿಗೆ ಅಂಟಿ ಕೂತಾಗ. ಕೂರಲು ಬಿಡದಿದ್ದರೆ ಬೆಂದುಹೋಗುತ್ತದೆ.

ಇದರಲ್ಲಿ ನನಗೆ ಚುಚ್ಚಿದ್ದು ಇನ್ನೊಂದು. ಟ್ಯಾಪೆಟ್ ಸಂದಿ ಜಾಸ್ತಿಯಾದರೆ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಕಮ್ಮಿಯಾದರೆ ಸದ್ದು ಇನ್ನೂ ಕಮ್ಮಿಯಾಗುತ್ತದೆ. ಚಿಕ್ಕಪ್ಪ ಕಾರು ಕೊಡುವ ದಿನ ಬಾನೆಟ್ ಎತ್ತಿ, ಕೈ ಕಟ್ಟಿ ನಿಂತು, "ನೋಡೋ, ಎಷ್ಟು ವರ್ಷ ಆಯ್ತು, ಒಂಚೂರು ಸದ್ದಿಲ್ಲ" ಅಂದಿದ್ದರು. ನಾನೂ ಅದನ್ನೇ ಹತ್ತು ವರ್ಷ ಎಲ್ಲರ ಮುಂದೆ ಹೇಳಿಕೊಂಡು ಬಂದೆ. ಸದ್ದು ಮಾಡುವ ಟ್ಯಾಪೆಟ್ಟನ್ನು ಎಲ್ಲರೂ ರಿಪೇರಿಗೆ ಒಯ್ಯುತ್ತಾರೆ. ಸುಮ್ಮನಿರುವುದನ್ನು ಯಾರು ಒಯ್ಯುತ್ತಾರೆ? ಕಿಟ್ ತೆಗೆಸಿದ ದಿನವೇ ಒಂದು ಸಲ ಗ್ಯಾಪ್ ನೋಡಿಸಿದ್ದರೆ ಅರ್ಧ ದಿನದ ಕೆಲಸ.

ಹೆಡ್ ಎತ್ತಿದ ದಿನ ನಾನು ರಜೆ ಹಾಕಿದ್ದೆ. ಸಿಲಿಂಡರಿನ ಗೋಡೆಯಲ್ಲಿ ಫ್ಯಾಕ್ಟರಿಯಲ್ಲಿ ಎಳೆದ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ಉಗುರು ಆಡಿಸಿದರೆ ಎಲ್ಲೂ ಅಂಚು ತಗಲಲಿಲ್ಲ. ಕೆಳಗಿನ ಅರ್ಧ ಇಂಜಿನ್ ಆರೋಗ್ಯವಾಗಿತ್ತು. ಅದನ್ನೇ ನಾನು ಗುಜರಿಗೆ ಹಾಕಲು ಹೊರಟಿದ್ದು. ಮೂರನೇ ಎಕ್ಸಾಸ್ಟ್ ವಾಲ್ವ್ ಕೈಗೆ ಬಂದಾಗ ಅದರ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಜಾಗ ಕರಗಿಹೋಗಿತ್ತು. ಅಷ್ಟೇ. ಕನ್ನಡಿ ನಡುಗಿಸಿದ್ದು ಅಷ್ಟು ಜಾಗ.

ಹೆಡ್ ಲೇತ್‌ಗೆ ಹೋಯಿತು. ಮಟ್ಟ ನೋಡಿದರು, ಸೊಟ್ಟಗಾಗಿರಲಿಲ್ಲ. ಎಕ್ಸಾಸ್ಟ್ ಸೀಟ್‌ಗಳನ್ನು ಹೊಸದಾಗಿ ಕೂರಿಸಿದರು. ಆ ಬದಿಯ ವಾಲ್ವ್‌ಗಳು ಹೊಸದು, ಎಲ್ಲ ಸೀಲ್‌ಗಳೂ ಹೊಸದು. ವಾಪಸ್ ಬಂದ ಮೇಲೆ ಅಣ್ಣನ ಹುಡುಗ ಒಂದೊಂದು ವಾಲ್ವ್‌ಗೂ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಕಡೆಗೋಲಿನ ಹಾಗೆ ಎರಡೂ ಅಂಗೈ ನಡುವೆ ತಿರುಗಿಸುತ್ತಾ ಕೂತ. ಗರಗರ ಅನ್ನುತ್ತಿದ್ದ ಸದ್ದು ನಿಧಾನಕ್ಕೆ ಸಣ್ಣಗಾಗಿ ಸರಸರ ಆಯಿತು. ಒರೆಸಿ ತೋರಿಸಿದ. ಅಂಚಿನ ಸುತ್ತ ಒಂದೇ ಅಗಲದ ಬೂದು ಪಟ್ಟಿ. ಆಮೇಲೆ ಪೋರ್ಟಿಗೆ ಪೆಟ್ರೋಲ್ ಸುರಿದು, ಕೆಳಗೆ ಒಂದು ಹನಿ ಇಳಿಯುತ್ತದಾ ಅಂತ ಮೂವರೂ ಬಗ್ಗಿ ನೋಡಿದೆವು. ಇಳಿಯಲಿಲ್ಲ.

ಜೋಡಿಸಿದ ಮೇಲೆ ಮತ್ತೆ ಗೇಜ್: 174, 170, 171, 172. ಆಯಿಲ್ ಎಷ್ಟು ಕುಡಿಯುತ್ತದೆ ಅಂತ ಇನ್ನೂ ಬರೆದಿಡುತ್ತಿದ್ದೇನೆ. ಮೊದಲ ಸಾವಿರ ಕಿಲೋಮೀಟರಿನಲ್ಲಿ ಡಿಪ್‌ಸ್ಟಿಕ್ ಒಂದು ಕೂದಲೆಳೆ ಇಳಿದಿದೆ. 1,000 ಕಿಲೋಮೀಟರಿಗೆ 1 ಲೀಟರ್‌ವರೆಗೂ ಪರವಾಗಿಲ್ಲ ಅಂತ ಕೈಪಿಡಿಯಲ್ಲಿ ಬರೆಯುವ ಕಂಪನಿಗಳೂ ಇವೆ. ನಾನು ಅಷ್ಟು ಧಾರಾಳಿಯಲ್ಲ. ಹಿಂದಿನ ಸಸ್ಪೆನ್ಷನ್ ಈಗ ಕಿರ್ ಅನ್ನುತ್ತಿದೆ, ಅದರ ಕಥೆ ಬೇರೆ.

ಹೋದ ವಾರ ಚಿಕ್ಕಪ್ಪನನ್ನು ಕೂರಿಸಿಕೊಂಡು ಒಂದು ಸುತ್ತು ಹೋದೆ. ಸಿಗ್ನಲ್‌ನಲ್ಲಿ ನಿಂತೆವು. ಕನ್ನಡಿ ಕಲ್ಲಿನ ಹಾಗೆ ನಿಂತಿತ್ತು, ಹಿಂದಿನ ಗಾಡಿಯ ನಂಬರ್ ಸ್ಪಷ್ಟ. ಚಿಕ್ಕಪ್ಪ ಕಿಟಕಿ ಇಳಿಸಿ, ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿದರು. ಬಾನೆಟ್ ಕೆಳಗಿನಿಂದ ಸಣ್ಣಗೆ ಟಿಕ್ ಟಿಕ್ ಟಿಕ್.

"ಏನೋ ಇದು, ಸದ್ದು ಬರ್ತಿದೆ?" ಅಂದರು. "ನನ್ನ ಹತ್ರ ಇದ್ದಾಗ ಹೀಗಿರಲಿಲ್ಲ ಕಣೋ. ಸರಿಯಾಗಿ ಮಾಡಿಲ್ಲ ಅವರು, ಇನ್ನೊಂದ್ಸಲ ತೋರಿಸು."